ಓಟಿಯಲ್ಲಿ (ಆಪರೇಷನ್ ಥಿಯೇಟರ್) ಕಲಿಯಬೇಕಾದ್ದನ್ನು ಫೋನಿನಲ್ಲಿ ಕಲಿಯುತ್ತಿದ್ದೇನಾ? (ಬಾಯಿ, ದವಡೆ, ಮುಖದ ಸರ್ಜರಿ ಕಲಿಯುವವರಿಗೆ)

ಮೂರನೇವರ್ಷ_ಪಿಜಿ

ಎಲ್ಲರಿಗೂ ನಮಸ್ಕಾರ. ನಾನು ಬಾಯಿ, ದವಡೆ, ಮುಖದ ಸರ್ಜರಿಯಲ್ಲಿ ಮೂರನೇ ವರ್ಷದ ಪಿಜಿ. ಮೊನ್ನೆ ಮರ್ಯಾದೆ ಹೋಯಿತು. ಅದನ್ನೇ ಹೇಳಿಕೊಂಡು ಒಂದು ಪ್ರಶ್ನೆ ಕೇಳುತ್ತೇನೆ.

ಕೆಳದವಡೆ ಗದ್ದದ ಹತ್ತಿರ ಮುರಿದಿದ್ದ ಕೇಸು. ಮುರಿದ ಮೂಳೆ ಜೋಡಿಸುವ ಲೋಹದ ಪ್ಲೇಟ್ ನಾನೇ ಹಾಕುತ್ತೇನೆ ಅಂತ ಗೈಡ್ ಹತ್ತಿರ ಕೇಳಿಕೊಂಡಿದ್ದೆ. ಹಿಂದಿನ ರಾತ್ರಿ ಯೂಟ್ಯೂಬ್‌ನಲ್ಲಿ ನಾಲ್ಕು ವಿಡಿಯೋ ನೋಡಿದ್ದೆ. ಅದರಲ್ಲಿ ಒಂದನ್ನು ಮೂರು ಸಲ. ಎಲ್ಲಿ ಕೊಯ್ಯಬೇಕು, ಡ್ರಿಲ್ ಯಾವ ಕೋನದಲ್ಲಿ, ಸ್ಕ್ರೂ ಎಷ್ಟು ಉದ್ದ, ಎಲ್ಲಾ ಬಾಯಿಪಾಠ. ಸರ್ ಒಂದೇ ಪ್ರಶ್ನೆ ಕೇಳಿದರು: "ಇಲ್ಲಿ ಎರಡು ಪ್ಲೇಟ್ ಯಾಕೆ? ಹಿಂದೆ ದವಡೆಯ ಮೂಲೆಯಲ್ಲಿ ಮುರಿದಿದ್ದರೆ ಒಂದೇ ಸಾಕಾಗುತ್ತಿತ್ತಲ್ಲ?"

ನನ್ನ ಬಾಯಿಂದ ಬಂದ ಉತ್ತರ: "ವಿಡಿಯೋದಲ್ಲಿ ಎರಡು ಹಾಕಿದ್ದರು ಸರ್."

ಓಟಿ ಸಿಸ್ಟರ್ ಕೂಡ ನಕ್ಕರು. ಆಮೇಲೆ ಮುಗಿಯುವ ತನಕ ರಿಟ್ರಾಕ್ಟರ್ (ಗಾಯದ ಅಂಚು ಎಳೆದು ಹಿಡಿಯುವ ಸಲಕರಣೆ) ಹಿಡಿದು ನಿಂತೆ. ಹೊರಗೆ ಬಂದಮೇಲೆ ಸರ್, "ಆ ಆ್ಯಪ್‌ಗಳನ್ನೆಲ್ಲ ತೆಗೆದುಹಾಕು, ಪುಸ್ತಕ ಓದು" ಅಂದರು. ಆದರೆ ನಮ್ಮ ಬ್ಯಾಚ್‌ನಲ್ಲಿ ಎಲ್ಲರೂ ಹೀಗೆಯೇ ಕಲಿಯುವುದು. ಇನ್‌ಸ್ಟಾಗ್ರಾಂ ಪೇಜು, ಟೆಲಿಗ್ರಾಂ ಚಾನೆಲ್ಲು, ವಾಟ್ಸಾಪ್ ಗ್ರೂಪು. ನಿಜವಾಗಿಯೂ ಎಲ್ಲವನ್ನೂ ಬಿಡಬೇಕಾ?

ಹಳೇ_ಡ್ರಿಲ್ಲು

ಮೊದಲು ಆ ಎರಡು ಪ್ಲೇಟಿನ ವಿಷಯ ಮುಗಿಸೋಣ. ಇಲ್ಲದಿದ್ದರೆ ನಿಮಗೆ ನಿದ್ದೆ ಬರಲ್ಲ.

ಒದ್ದೆ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂಡುವುದನ್ನು ನೆನಪು ಮಾಡಿಕೊಳ್ಳಿ. ದವಡೆಯ ಮುಂಭಾಗಕ್ಕೆ ಆಗುವುದು ಅದೇ. ಎರಡೂ ಕಡೆಯ ಸ್ನಾಯುಗಳು ಎಳೆದಾಗ ಅಲ್ಲಿ ಮೂಳೆ ತಿರುಚಿಕೊಳ್ಳುತ್ತದೆ. ಒಂದೇ ಪ್ಲೇಟ್ ಹಾಕಿದರೆ ಅದರ ಸುತ್ತ ತಿರುಗಲು ಜಾಗ ಸಿಗುತ್ತದೆ. ಎರಡು ಹಾಕಿದರೆ ಸಿಗಲ್ಲ. ಹಿಂದಿನ ಮೂಲೆಯ ಕಥೆ ಬೇರೆ. ಅಲ್ಲಿ ಅಗಿಯುವಾಗ ಮೇಲಿನ ಅಂಚು ಬಿಚ್ಚಿಕೊಳ್ಳುತ್ತದೆ, ಕೆಳಗಿನ ಅಂಚು ಒತ್ತಿಕೊಳ್ಳುತ್ತದೆ. ಬಿಚ್ಚಿಕೊಳ್ಳುವ ಕಡೆ ಒಂದು ಸಣ್ಣ ಪ್ಲೇಟ್ ಹಿಡಿದುಕೊಂಡರೆ ಸಾಮಾನ್ಯವಾಗಿ ಸಾಕು. ಫ್ರಾನ್ಸ್‌ನ ಶಾಂಪಿ ಮತ್ತು ಅವರ ತಂಡ 1970ರ ದಶಕದಲ್ಲಿ ಇದನ್ನೆಲ್ಲ ಅಳೆದು, ದವಡೆಯ ಮೇಲೆ ಪ್ಲೇಟ್ ಎಲ್ಲಿ ಕೂರಬೇಕು ಅಂತ ಗೆರೆ ಹಾಕಿಕೊಟ್ಟರು. ನೀವು ನೋಡಿದ ನಾಲ್ಕೂ ವಿಡಿಯೋಗಳಲ್ಲಿ ಆ ಗೆರೆಗಳು ಇದ್ದವು, ಕಾಣಿಸಲಿಲ್ಲ ಅಷ್ಟೇ. ಕ್ಯಾಮೆರಾಗೆ ಕಾಣುವುದು ಕೈ. ತಲೆಯಲ್ಲಿ ಏನು ಓಡುತ್ತಿದೆ ಅಂತ ಅದು ತೋರಿಸಲ್ಲ.

ಇನ್ನು "ಮೂರು ಸಲ ನೋಡಿದೆ" ಅಂದಿರಲ್ಲ. ಕಾರ್ಡಾಸ್ ಮತ್ತು ಓಬ್ರಿಯನ್ ಎಂಬ ಮನಶ್ಶಾಸ್ತ್ರಜ್ಞರು 2018ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಡಾರ್ಟ್ ಎಸೆಯುವ ವಿಡಿಯೋವನ್ನು ಕೆಲವರಿಗೆ 1 ಸಲ ತೋರಿಸಿದರು, ಕೆಲವರಿಗೆ 20 ಸಲ. ಇಪ್ಪತ್ತು ಸಲ ನೋಡಿದವರಿಗೆ ತಮಗೆ ಬರುತ್ತದೆ ಅನ್ನುವ ಧೈರ್ಯ ಜಾಸ್ತಿ ಬಂತು. ಎಸೆಯಲು ಕೊಟ್ಟಾಗ ಗುರಿ ಮಾತ್ರ ಒಂದು ಚೂರೂ ಸುಧಾರಿಸಿರಲಿಲ್ಲ. ನಮ್ಮ ಕೆಲಸದಲ್ಲಿ ಈ ಧೈರ್ಯದ ಬೆಲೆ ಏನು ಅಂತ ನಾನು ಹೇಳಬೇಕಾಗಿಲ್ಲ. ಕೆಳಗಿನ ಬುದ್ಧಿ ಹಲ್ಲು ತೆಗೆಯುವಾಗ ನಾಲಿಗೆಯ ನರ ಡ್ರಿಲ್ಲಿನ ಆಚೆ ಪಕ್ಕದಲ್ಲೇ ಇರುತ್ತದೆ. ಅದಕ್ಕೆ ತಾಗಿದರೆ ರೋಗಿಗೆ ಅರ್ಧ ನಾಲಿಗೆ ಮರಗಟ್ಟುತ್ತದೆ.

ಹಾಗಂತ ಆ್ಯಪ್ ತೆಗೆಯಬೇಡಿ. ನಿಮ್ಮ ಸರ್‌ಗೆ ಸಿಟ್ಟು ಬಂದದ್ದು ಫೋನಿನ ಮೇಲಲ್ಲ ಅನಿಸುತ್ತದೆ.

ನಿದ್ದೆಗೆಟ್ಟವ

ನಾನು ಹೋದ ವರ್ಷ ಎಲ್ಲಾ ಆ್ಯಪ್ ತೆಗೆದೆ. ಪುಸ್ತಕ ಓದಲಿಲ್ಲ. ಚೆನ್ನಾಗಿ ನಿದ್ದೆ ಮಾಡಿದೆ. ಶಿಫಾರಸು ಮಾಡುತ್ತೇನೆ.

ಎಡಗೈ_ಸೂಜಿ

ನಾನು ಇದರ ಇನ್ನೊಂದು ಮಗ್ಗುಲು ಹೇಳುತ್ತೇನೆ. ನಾನು ಎಡಚಿ. ನಮ್ಮ ವಿಭಾಗದಲ್ಲಿ ಎಡಗೈಯವರು ನಾನೊಬ್ಬಳೇ. ನನಗೆ ಕಲಿಸಿದವರೆಲ್ಲ ಬಲಗೈಯವರು, ಒಳ್ಳೆಯವರೇ, ಆದರೆ ರೋಗಿಯ ಬಲಗಡೆ ನಿಂತು "ಹೀಗೆ ಮಾಡು" ಅಂತ ತೋರಿಸುತ್ತಿದ್ದರು. ಸೂಜಿ ಹಿಡಿಯುವ ಇಕ್ಕಳದ, ಅಂದರೆ ನೀಡಲ್ ಹೋಲ್ಡರ್‌ನ ಲಾಕ್ ಬಲಗೈ ಹೆಬ್ಬೆರಳಿಗೆ ತಕ್ಕ ಹಾಗೆ ಮಾಡಿದ್ದು. ಎಡಗೈಯಲ್ಲಿ ಒತ್ತಿದರೆ ಬಿಡಿಸಲು ಬರಲ್ಲ. ಒಂದು ವರ್ಷ ನನಗೆ ಕೈ ಸರಿ ಇಲ್ಲ ಅಂತಲೇ ಅಂದುಕೊಂಡಿದ್ದೆ.

ಆಮೇಲೆ ಟ್ವಿಟರ್‌ನಲ್ಲಿ ಒಬ್ಬ ಎಡಗೈ ಸರ್ಜನ್ ಸಿಕ್ಕರು. ಬೇರೆ ದೇಶ, ಬೇರೆ ಸ್ಪೆಷಾಲಿಟಿ. ಲಾಕ್ ಬಿಡಿಸುವಾಗ ಹೆಬ್ಬೆರಳಿನಿಂದ ತಳ್ಳಬೇಡ, ತೋರುಬೆರಳನ್ನು ಉಂಗುರದ ಹೊರಗೆ ತಂದು ಎಳೆ, ಅಂತ ಅರ್ಧ ನಿಮಿಷದ ವಿಡಿಯೋ ಮಾಡಿ ಕಳಿಸಿದರು. ಆ ಅರ್ಧ ನಿಮಿಷ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ರೋಗಿಯ ಎಡಗಡೆ ನಿಂತು ಎಲ್ಲವನ್ನೂ ತಿರುವುಮುರುವು ಮಾಡಬೇಕು ಅನ್ನುವ ಧೈರ್ಯ ಬಂದದ್ದು ಅಲ್ಲಿಂದಲೇ.

2015ರಲ್ಲಿ "ಸರ್ಜನ್ ಅಂದರೆ ನೋಡಲು ನನ್ನ ಹಾಗೇ ಇರುತ್ತಾರೆ" ಅನ್ನುವ ಅರ್ಥದ ಹ್ಯಾಶ್‌ಟ್ಯಾಗ್ ಓಡಿತಲ್ಲ, ಹೆಣ್ಣು ಸರ್ಜನ್‌ಗಳು ಫೋಟೋ ಹಾಕಿದ್ದು? ಅದನ್ನು ಕೆಲವರು ಷೋಕಿ ಅಂದರು. ವಿಭಾಗದಲ್ಲಿ ಒಬ್ಬಳೇ ಇರುವವಳಿಗೆ ಅದು ಷೋಕಿ ಅಲ್ಲ.

ಗದ್ದದ_ಮಚ್ಚೆ

ನಾನು ಡಾಕ್ಟರ್ ಅಲ್ಲ. ಈ ಚರ್ಚೆ ಕಣ್ಣಿಗೆ ಬಿತ್ತು, ಸುಮ್ಮನಿರಲು ಆಗಲಿಲ್ಲ.

ನನಗೆ ದವಡೆ ಸರಿಪಡಿಸುವ ಆಪರೇಷನ್ ಆಗಿತ್ತು. ಕೆಳದವಡೆ ಮುಂದೆ ಬಂದಿತ್ತು. ಆಪರೇಷನ್ ಚೆನ್ನಾಗಿಯೇ ಆಯಿತು, ಡಾಕ್ಟರ ಮೇಲೆ ಆ ವಿಷಯದಲ್ಲಿ ದೂರಿಲ್ಲ. ಎಂಟು ತಿಂಗಳ ಮೇಲೆ ಅಕ್ಕನ ಮಗಳು ಫೋನ್ ತಂದು "ಚಿಕ್ಕಮ್ಮಾ, ಇದು ನೀನೇ ಅಲ್ವಾ?" ಅಂದಳು. ಯಾವುದೋ ಪೇಜಿನಲ್ಲಿ ಮೊದಲು–ಆಮೇಲೆ ಫೋಟೋ. ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದಿದ್ದರು. ಗದ್ದದ ಮಚ್ಚೆ ಹಾಗೇ ಇತ್ತು. ಕೆಳಗೆ ಕಾಮೆಂಟುಗಳು. ನನ್ನ ಹಳೆಯ ಮುಖಕ್ಕೆ ಏನೇನು ಹೆಸರಿಟ್ಟಿದ್ದರು ಅಂತ ಇಲ್ಲಿ ಬರೆಯಲ್ಲ.

ಕೇಳಿದಾಗ, "ನೀವು ಸಹಿ ಹಾಕಿದ್ದೀರಿ, ಕಲಿಕೆಗೆ ಬಳಸಬಹುದು ಅಂತ ಇದೆ" ಅಂದರು. ಹೌದು, ಹಾಕಿದ್ದೆ. ಆಪರೇಷನ್ ದಿನ ಬೆಳಿಗ್ಗೆ, ಹೊಟ್ಟೆ ಖಾಲಿ ಇಟ್ಟುಕೊಂಡು, ನಾಲ್ಕು ಕಾಗದಕ್ಕೆ. ಕಲಿಕೆ ಅಂದರೆ ಕ್ಲಾಸ್‌ರೂಂ ಅಂದುಕೊಂಡಿದ್ದೆ.

ಹಳೇ_ಡ್ರಿಲ್ಲು

ಮೇಡಂ, ನೀವು ಬರೆದದ್ದು ಒಳ್ಳೆಯದಾಯಿತು. ನಮ್ಮಲ್ಲಿ ಎಲ್ಲರೂ ಓದಬೇಕು.

ಹೊಟ್ಟೆಯ ಸರ್ಜನ್ ಗಾಲ್‌ಬ್ಲ್ಯಾಡರ್ ವಿಡಿಯೋ ಹಾಕಿದರೆ ಅದು ಯಾರದ್ದು ಅಂತ ಯಾರಿಗೂ ಗೊತ್ತಾಗಲ್ಲ. ನಮ್ಮ ಕೆಲಸದ ಜಾಗವೇ ಮುಖ. ಅಡಗಿಸಿದರೆ ಕಲಿಸಲು ಏನೂ ಉಳಿಯಲ್ಲ, ತೋರಿಸಿದರೆ ಮನುಷ್ಯ ಬಯಲಾಗುತ್ತಾನೆ. ಕಣ್ಣಿನ ಮೇಲಿನ ಪಟ್ಟಿ ಸಾಲದು ಅಂತ ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ತನ್ನ ನಿಯಮದಲ್ಲೇ ಸ್ಪಷ್ಟವಾಗಿ ಬರೆದಿದೆ. ಅಮೆರಿಕದ 1996ರ ಹಿಪಾ (ರೋಗಿಯ ಮಾಹಿತಿ ಕಾಪಾಡುವ) ಕಾನೂನಿನ ನಿಯಮಗಳು ಪೂರ್ತಿ ಮುಖದ ಫೋಟೋವನ್ನು ಹೆಸರು, ಫೋನ್ ನಂಬರ್ ಜೊತೆಗೆ ಗುರುತು ಬಿಟ್ಟುಕೊಡುವ ವಿವರಗಳ ಒಂದೇ ಪಟ್ಟಿಯಲ್ಲಿ ಇಟ್ಟಿವೆ. ಕಣ್ಣಿಗೆ ಕಪ್ಪು ಪಟ್ಟಿ ಎಳೆದವರು ಇನ್ನೂ ಹಳೆಯ ಪುಸ್ತಕಗಳ ಕಾಲದಲ್ಲಿ ಇದ್ದಾರೆ.

"ಹಾಗಾದರೆ ಫೋಟೋ ಬೇಡ, ಸ್ಕ್ಯಾನ್ ಮಾತ್ರ ಹಾಕುತ್ತೇನೆ" ಅನ್ನುವವರಿಗೂ ಒಂದು ಮಾತು. 2019ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನವರು 84 ಸ್ವಯಂಸೇವಕರ ತಲೆಯ ಎಂಆರ್‌ಐ ತೆಗೆದುಕೊಂಡು, ಅದರಿಂದ ಮುಖದ ಚಿತ್ರ ಕಟ್ಟಿ, ಮುಖ ಗುರುತಿಸುವ ಸಾಫ್ಟ್‌ವೇರ್‌ಗೆ ಕೊಟ್ಟರು. 70 ಜನರನ್ನು ಅದು ಅವರವರ ಫೋಟೋಗೆ ಸರಿಯಾಗಿ ಹೊಂದಿಸಿತು. ಅಂದರೆ 83%. ತಲೆಯ ಪೂರ್ತಿ ಸ್ಕ್ಯಾನ್ ಫೈಲು ಅಂದರೆ ಮುಖವೇ. ಎರಡು ಆಯಾಮದ ಒಂದು ಪದರದ ಚಿತ್ರ ಬೇರೆ ವಿಷಯ. ಅದರಲ್ಲೂ ಮೂಲೆಯಲ್ಲಿ ಹೆಸರು, ವಯಸ್ಸು, ಆಸ್ಪತ್ರೆ ನಂಬರ್ ಇರುವ ಸ್ಕ್ರೀನ್‌ಶಾಟ್ ದಿನಕ್ಕೆ ಒಂದಾದರೂ ನನ್ನ ಗ್ರೂಪ್‌ಗೆ ಬರುತ್ತದೆ.

ರಾತ್ರಿಪಾಳಿ

ಎಲ್ಲವೂ ಸರಿ ಸರ್, ಆದರೆ ಗ್ರೂಪ್ ಇಲ್ಲದಿದ್ದರೆ ನಾನಿವತ್ತು ಈ ಕೆಲಸದಲ್ಲಿ ಇರುತ್ತಿರಲಿಲ್ಲ.

ಮೊದಲ ವರ್ಷ, ರಾತ್ರಿ ಎರಡು ಗಂಟೆ. ಕೆನ್ನೆಮೂಳೆ ಮುರಿದ ರೋಗಿ. ಕಣ್ಣು ಕಲ್ಲಿನ ಹಾಗೆ ಗಟ್ಟಿ, ಮುಂದೆ ಉಬ್ಬಿದೆ, ದೃಷ್ಟಿ ಮಂಜಾಗುತ್ತಾ ಹೋಗುತ್ತಿದೆ. ಕಣ್ಣಿನ ಹಿಂದೆ ರಕ್ತ ತುಂಬಿ ಒತ್ತಡ ಏರುತ್ತಿತ್ತು. ಇದಕ್ಕೆ ಚಿಕಿತ್ಸೆ ಮಾಡಿ ಅನುಭವ ಇರುವವರು ಕಡಿಮೆ, ಯಾಕೆಂದರೆ ಅಪರೂಪಕ್ಕೆ ಬರುವುದು. ಬಂದಾಗ ಮಾತ್ರ ಟೈಮ್ ಇರಲ್ಲ. ಕಣ್ಣಿಗೆ ರಕ್ತ ತಲುಪುವುದು ನಿಂತರೆ ಒಂದೂವರೆ–ಎರಡು ಗಂಟೆಯಲ್ಲಿ ಕಣ್ಣು ಹೋಯಿತು ಅಂತಲೇ ಲೆಕ್ಕ. ಸ್ಕ್ಯಾನ್‌ಗೆ ಕಾಯಬಾರದು. ಕಣ್ಣಿನ ಹೊರ ಮೂಲೆಯನ್ನು ಕತ್ತರಿಸಿ, ಕೆಳರೆಪ್ಪೆಯನ್ನು ಹಿಡಿದಿರುವ ತಂತುವನ್ನು ಬಿಡಿಸಿ ಒತ್ತಡ ಇಳಿಸಬೇಕು.

ಆ ಎರಡೂ ಹೆಜ್ಜೆಯನ್ನು ನಾನು ನೋಡಿದ್ದು ಫೋನಿನಲ್ಲೇ, ಹಿಂದಿನ ತಿಂಗಳು, ಯಾರೋ ಗ್ರೂಪ್‌ಗೆ ಕಳಿಸಿದ್ದ ಎರಡು ನಿಮಿಷದ ಕ್ಲಿಪ್ಪಿನಲ್ಲಿ. ಚರ್ಮ ಮಾತ್ರ ಕತ್ತರಿಸಿ ನಿಲ್ಲಿಸಿದರೆ ಪ್ರಯೋಜನ ಇಲ್ಲ, ತಂತು ಬಿಟ್ಟಾಗ ರೆಪ್ಪೆ ಸಡಿಲವಾಗಿ ಕೈಗೆ ಬರಬೇಕು ಅಂತ ಅದರಲ್ಲಿ ಹೇಳಿದ್ದು ಕಿವಿಯಲ್ಲೇ ಇತ್ತು. ಸೀನಿಯರ್ ಫೋನಿನ ಆ ಕಡೆ ಇದ್ದರು, ನಾನು ಈ ಕಡೆ ಮಾಡಿದೆ. ಬೆರಳಿಗೆ ರೆಪ್ಪೆ ಸಡಿಲವಾದದ್ದು ಗೊತ್ತಾಯಿತು.

ಆದ್ದರಿಂದ "ವಿಡಿಯೋ ಕೈ ಮಾತ್ರ ತೋರಿಸುತ್ತದೆ" ಅನ್ನುವುದನ್ನು ಪೂರ್ತಿ ಒಪ್ಪಲ್ಲ. ಕೆಲವು ಕೆಲಸದಲ್ಲಿ ಕೈ ಸಾಕು.

ಹಳೇ_ಡ್ರಿಲ್ಲು

ಒಪ್ಪಿದೆ. ಚಿಕ್ಕ ಕೆಲಸ, ಎರಡು ಹೆಜ್ಜೆ, ಅಪರೂಪಕ್ಕೆ ಬರುವುದು, ತಡ ಮಾಡಿದರೆ ನಷ್ಟ. ಇಂಥದ್ದಕ್ಕೆ ವಿಡಿಯೋ ಪುಸ್ತಕಕ್ಕಿಂತ ಮೇಲು. ನನ್ನ ತಕರಾರು ಇರುವುದು ಆರು ಗಂಟೆಯ ಆಪರೇಷನ್ ಅನ್ನು ಏಳು ನಿಮಿಷಕ್ಕೆ ಇಳಿಸಿದ್ದರ ಮೇಲೆ. ಕಾಲಿನ ಮೂಳೆ ತೆಗೆದು ದವಡೆ ಕಟ್ಟುವ ವಿಡಿಯೋ ನೋಡಿ. ರಕ್ತನಾಳ ಜೋಡಿಸುತ್ತಾರೆ, ರಕ್ತ ಹರಿಯುತ್ತದೆ, ಚಪ್ಪಾಳೆ. ಮಧ್ಯೆ ಎರಡನೇ ಸಲ ಬಿಚ್ಚಿ ಹೊಲಿದದ್ದು ಎಡಿಟಿಂಗ್‌ನಲ್ಲಿ ಹೋಗಿರುತ್ತದೆ. ಕಲಿಯುವವನಿಗೆ ಬೇಕಾಗಿದ್ದದ್ದು ಅದೇ.

ಎಡಗೈ_ಸೂಜಿ

ಜೊತೆಗೆ, ಯಾರು ಹಾಕಿದ್ದು ಅಂತ ನೋಡಿ. ಲೈಕ್ ಮತ್ತು ವ್ಯೂ ಲೆಕ್ಕಕ್ಕೂ ಗುಣಕ್ಕೂ ಸಂಬಂಧ ಇಲ್ಲ ಅಂತ ಯೂಟ್ಯೂಬ್‌ನ ವೈದ್ಯಕೀಯ ವಿಡಿಯೋಗಳನ್ನು ಅಳೆದವರು ಮತ್ತೆ ಮತ್ತೆ ಕಂಡಿದ್ದಾರೆ. ಪ್ಲೇಟ್ ಮಾಡುವ ಕಂಪನಿ ದುಡ್ಡು ಕೊಟ್ಟ ವಿಡಿಯೋದಲ್ಲಿ ಆ ಪ್ಲೇಟ್ ಯಾವತ್ತೂ ಮುರಿಯಲ್ಲ! ನಾನು ಮೊದಲು ಎಒ ಫೌಂಡೇಷನ್‌ನ ಸರ್ಜರಿ ರೆಫರೆನ್ಸ್ ತೆರೆಯುತ್ತೇನೆ. 1958ರಲ್ಲಿ ಸ್ವಿಟ್ಜರ್ಲೆಂಡ್‌ನ ಸರ್ಜನ್‌ಗಳು ಶುರು ಮಾಡಿದ ಸಂಸ್ಥೆ. ದುಡ್ಡು ಕೊಡಬೇಕಾಗಿಲ್ಲ. ಯಾವ ಮುರಿತಕ್ಕೆ ಏನೇನು ದಾರಿ ಇದೆ, ಯಾವಾಗ ಯಾವುದು, ಎಲ್ಲಾ ಇದೆ. ಅದನ್ನು ಓದಿದ ಮೇಲೆ ವಿಡಿಯೋ ನೋಡಿದರೆ ಅದೇ ವಿಡಿಯೋ ಬೇರೆ ಥರ ಕಾಣುತ್ತದೆ.

ನಿದ್ದೆಗೆಟ್ಟವ

ಹಾಗಾದರೆ ರೀಲ್ಸ್ ಮಾಡುವ ಪಿಜಿಗಳ ಬಗ್ಗೆ ಏನಂತೀರಿ? ನಮ್ಮಲ್ಲಿ ಒಬ್ಬನಿಗೆ ಫಾಲೋವರ್ಸ್ ಜಾಸ್ತಿ, ಆದರೆ ಹೊಲಿಗೆ ನೋಡಿದರೆ ಅಳು ಬರುತ್ತದೆ.

ರಾತ್ರಿಪಾಳಿ

ಮಾಡಲಿ ಬಿಡಿ, ಸ್ವಂತ ಟೈಮ್. ಈ ವಿಷಯದಲ್ಲಿ ಹಿರಿಯರು ಕಡ್ಡಿಯನ್ನು ಗುಡ್ಡ ಮಾಡಿ ಒಂದು ಸಲ ಸರಿಯಾಗಿ ಕೈ ಸುಟ್ಟುಕೊಂಡಿದ್ದಾರೆ. ರಕ್ತನಾಳ ಸರ್ಜರಿಯ ಒಂದು ದೊಡ್ಡ ಪತ್ರಿಕೆಯಲ್ಲಿ ಒಂದು ಲೇಖನ ಬಂದಿತ್ತು. ಯುವ ಸರ್ಜನ್‌ಗಳ ಖಾತೆಗಳನ್ನು ಅವರಿಗೆ ಗೊತ್ತಾಗದ ಹಾಗೆ ಜಾಲಾಡಿ, ಈಜುಡುಗೆಯ ಫೋಟೋ ಇದ್ದರೆ "ವೃತ್ತಿಗೆ ತಕ್ಕುದಲ್ಲದಿರಬಹುದು" ಅಂತ ಗುರುತು ಹಾಕಿದ್ದರು. 2020ರ ಜುಲೈನಲ್ಲಿ ಹೆಣ್ಣು ಡಾಕ್ಟರುಗಳು ಬಿಕಿನಿ ಫೋಟೋಗಳನ್ನೇ ಹಾಕಿ ಪ್ರತಿಭಟಿಸಿದರು. ಪತ್ರಿಕೆ ಲೇಖನವನ್ನು ಹಿಂದಕ್ಕೆ ತೆಗೆದುಕೊಂಡಿತು. ಡಾಕ್ಟರ್ ಕಡಲತೀರದಲ್ಲಿ ಏನು ಹಾಕಿಕೊಂಡರು ಅನ್ನುವುದು ಯಾರಿಗೂ ತೊಂದರೆ ಅಲ್ಲ. ಗದ್ದದ ಮಚ್ಚೆ ಮೇಡಂ ಹೇಳಿದ್ದಿದೆಯಲ್ಲ, ಅದು ತೊಂದರೆ. ಅದಕ್ಕೆ ಗುರುತು ಹಾಕುವವರು ಕಡಿಮೆ.

ಗದ್ದದ_ಮಚ್ಚೆ

ನನಗೊಂದು ಕುತೂಹಲ. ಆ ರೀಲ್‌ಗಳಲ್ಲಿ ಪಕ್ಕದಿಂದ ಮುಖ ತೋರಿಸಿ ಹಾಡು ಹಾಕುತ್ತಾರಲ್ಲ. ನನ್ನ ಕೆಳತುಟಿ ಎಷ್ಟೋ ತಿಂಗಳು ಮರಗಟ್ಟಿತ್ತು. ಕಾಫಿ ಸೋರಿದರೂ ಗೊತ್ತಾಗುತ್ತಿರಲಿಲ್ಲ. ಅದು ಯಾವ ರೀಲಿನಲ್ಲೂ ಬರಲ್ಲ ಯಾಕೆ?

ಹಳೇ_ಡ್ರಿಲ್ಲು

ಕ್ಯಾಮೆರಾಗೆ ಕಾಣಲ್ಲ ಮೇಡಂ, ಅದಕ್ಕೆ. ಕೆಳದವಡೆಯನ್ನು ಸೀಳಿ ಸರಿಸುವಾಗ ತುಟಿಗೆ ಹೋಗುವ ನರ ಆ ಮೂಳೆಯ ಒಳಗೇ ಇರುತ್ತದೆ. ಮರಗಟ್ಟುವುದು ತುಂಬಾ ಸಾಮಾನ್ಯ. ಹೆಚ್ಚಿನವರಿಗೆ ನಿಧಾನಕ್ಕೆ ಇಳಿಯುತ್ತದೆ, ಕೆಲವರಿಗೆ ಪೂರ್ತಿ ಹೋಗಲ್ಲ. ನಮ್ಮ ಪಿಜಿಗಳು ರೀಲ್ ನೋಡಿ ಕಲಿತರೆ ರೋಗಿಗೆ ಅದನ್ನು ಹೇಳುವುದೇ ಮರೆಯುತ್ತಾರೆ ಅನ್ನುವುದು ನನ್ನ ಭಯ.

ಮೂರನೇವರ್ಷ_ಪಿಜಿ

ಎಲ್ಲರ ಮಾತೂ ಓದಿದೆ. ಎರಡು ವಾರ ಆಯಿತು, ಒಂದು ಬದಲಾವಣೆ ಮಾಡಿದ್ದೇವೆ.

ಬ್ಯಾಚ್‌ನ ವಾಟ್ಸಾಪ್ ಗ್ರೂಪಿನಲ್ಲಿ ಇನ್ನು ರೋಗಿಯ ಫೋಟೋ ಇಲ್ಲ. ಮೆಸೇಜ್ ಗೂಢಲಿಪಿಯಲ್ಲಿ ಹೋಗುತ್ತದೆ ನಿಜ, ಆದರೆ ತಲುಪಿದ ಮೇಲೆ ಹನ್ನೆರಡು ಜನರ ಗ್ಯಾಲರಿಯಲ್ಲಿ, ಅಲ್ಲಿಂದ ಅವರ ಬ್ಯಾಕಪ್‌ನಲ್ಲಿ ಕೂರುತ್ತದೆ. ನನ್ನ ಗ್ಯಾಲರಿಯಲ್ಲಿ ತಂಗಿಯ ಮದುವೆ ಫೋಟೋಗಳ ನಡುವೆ ಯಾರದೋ ಒಡೆದ ಮುಖ ಇತ್ತು. ಅಮ್ಮ ನೋಡಿ ಹೆದರಿದ್ದರು. ಅಳಿಸಿದೆ.

ಈಗ ದಿನಕ್ಕೊಂದು ಕೇಸು, ಬರೀ ಅಕ್ಷರದಲ್ಲಿ, ಕಟ್ಟಿದ ಕೇಸು, ಯಾವ ರೋಗಿಯದ್ದೂ ಅಲ್ಲ. ಎಲ್ಲರೂ ತಮ್ಮ ಉತ್ತರ ಮೊದಲು ಬರೆಯಬೇಕು. ಆಮೇಲೆಯೇ ವಿಡಿಯೋ. ಇದು ನನ್ನ ಐಡಿಯಾ ಅಲ್ಲ. ರೋಡಿಗರ್, ಕಾರ್ಪಿಕೆ ಅನ್ನುವವರ 2006ರ ಪ್ರಯೋಗದ ಬಗ್ಗೆ ಓದಿದ್ದೆ. ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಓದಿ, ನೆನಪಿನಿಂದ ಬರೆದು ನೋಡಿದವರು ವಾರದ ನಂತರ ಮುಂದಿದ್ದರು. ಗೈಡ್ ಸರ್ ಕೂಡ ಗ್ರೂಪಿಗೆ ಬಂದಿದ್ದಾರೆ. ಇನ್ನೂ ಒಂದು ಮಾತೂ ಆಡಿಲ್ಲ, ಎಲ್ಲಾ ಓದುತ್ತಾರೆ, ಅದೇ ಭಯ.

ಇಲ್ಲೂ ಒಂದು ಹಾಕಲಾ?

ಹಳೇ_ಡ್ರಿಲ್ಲು

ನೀವು ಬೇಡ, ನಾನು ಹಾಕುತ್ತೇನೆ. ಕಟ್ಟಿದ್ದೇ.

9 ವರ್ಷದ ಹುಡುಗ. ಆಟವಾಡುವಾಗ ಮೊಣಕೈ ಕಣ್ಣಿಗೆ ಬಡಿದಿದೆ. ಕಣ್ಣು ಬೆಳ್ಳಗಿದೆ, ಊತ ಇಲ್ಲವೇ ಇಲ್ಲ ಅನ್ನಬಹುದು. ಮೂರು ಸಲ ವಾಂತಿ. ಸುಸ್ತು. ನಾಡಿ 52. ಮೇಲೆ ನೋಡು ಅಂದರೆ ಅಳುತ್ತಾನೆ. ಸಿಟಿ ವರದಿಯಲ್ಲಿ "ದೊಡ್ಡ ಮುರಿತ ಇಲ್ಲ" ಅಂತಿದೆ. ರಾತ್ರಿ ಹತ್ತು ಗಂಟೆ. ಏನು ಮಾಡುತ್ತೀರಿ?

ನಿದ್ದೆಗೆಟ್ಟವ

ವಾಂತಿ, ನಿಧಾನ ನಾಡಿ. ತಲೆಗೆ ಪೆಟ್ಟು. ನ್ಯೂರೋದವರಿಗೆ ತೋರಿಸಿ, ರಾತ್ರಿ ಗಮನದಲ್ಲಿ ಇಟ್ಟು, ಬೆಳಿಗ್ಗೆ ನೋಡುವುದು.

ಹಳೇ_ಡ್ರಿಲ್ಲು

ಎಲ್ಲರೂ ಬೀಳುವ ಗುಂಡಿ ಇದೇ. ತಲೆ ನೋಡಿಸಿ, ತಪ್ಪಲ್ಲ. ಆದರೆ ಮೇಲೆ ನೋಡಲು ಯಾಕೆ ಆಗುತ್ತಿಲ್ಲ?

ಮೂರನೇವರ್ಷ_ಪಿಜಿ

ಸರ್, ಸ್ನಾಯು ಸಿಕ್ಕಿಕೊಂಡಿದೆ. ಮಕ್ಕಳ ಮೂಳೆ ಹಸಿ ಕಡ್ಡಿಯ ಹಾಗೆ ಬಾಗುತ್ತದೆ. ಕಣ್ಣಿನ ಗೂಡಿನ ನೆಲ ಬಾಗಿಲಿನ ಹಾಗೆ ತೆರೆದು, ಕಣ್ಣನ್ನು ಕೆಳಗೆಳೆಯುವ ಸ್ನಾಯುವನ್ನು ಕಚ್ಚಿಕೊಂಡು ಮತ್ತೆ ಮುಚ್ಚಿದೆ. ಅದಕ್ಕೆ ಸಿಟಿಯಲ್ಲಿ ದೊಡ್ಡದೇನೂ ಕಾಣುತ್ತಿಲ್ಲ. ಸ್ನಾಯು ಎಳೆದಾಗ ಮುಖದ ಸ್ಪರ್ಶ ತಿಳಿಸುವ ಐದನೇ ನರದಿಂದ ಸುದ್ದಿ ಹೋಗಿ, ವೇಗಸ್ ನರ ಹೃದಯವನ್ನು ನಿಧಾನ ಮಾಡುತ್ತದೆ. ವಾಂತಿಯೂ ಅದರಿಂದಲೇ. ಹಾಗೇ ಬಿಟ್ಟರೆ ಸ್ನಾಯುವಿಗೆ ರಕ್ತ ಇಲ್ಲದೆ ಗಾಯದ ಗಂಟಾಗುತ್ತದೆ. ವಾರಗಟ್ಟಲೆ ಕಾಯುವ ಕೇಸಲ್ಲ. 24ರಿಂದ 48 ಗಂಟೆಯ ಒಳಗೆ ಬಿಡಿಸಬೇಕು, ನಾಡಿ ಹೀಗಿದ್ದರೆ ಇನ್ನೂ ಬೇಗ.

ಹಳೇ_ಡ್ರಿಲ್ಲು

ಸರಿ. ಈಗ ಹೋಗಿ ವಿಡಿಯೋ ನೋಡಿ. ಸ್ನಾಯು ಬಿಡಿಸುವ ಮುಂಚೆ ಅನಸ್ತೀಸಿಯಾದವರಿಗೆ ಏನು ಹೇಳಬೇಕು ಅಂತ ನೋಡಿಕೊಂಡು ಬನ್ನಿ.

ಮೂರನೇವರ್ಷ_ಪಿಜಿ

ಐದು ವಿಡಿಯೋ ನೋಡಿದೆ ಸರ್. ನನ್ನ ಉತ್ತರ: ಎಳೆಯುವಾಗ ನಾಡಿ ಮತ್ತೆ ಇಳಿಯಬಹುದು, ಎಳೆಯುವ ಮುಂಚೆ ನಾನು ಹೇಳುತ್ತೇನೆ, ನೀವು "ಬಿಡು" ಅಂದ ತಕ್ಷಣ ಕೈ ಬಿಡುತ್ತೇನೆ, ನಾಡಿ ಏರಿಸುವ ಔಷಧಿ ಅಟ್ರೊಪಿನ್ ಕೈಗೆ ಸಿಗುವ ಹಾಗಿರಲಿ.

ಹಳೇ_ಡ್ರಿಲ್ಲು

ಯಾವ ವಿಡಿಯೋದಲ್ಲಿತ್ತು?

ಮೂರನೇವರ್ಷ_ಪಿಜಿ

ಯಾವುದರಲ್ಲೂ ಇಲ್ಲ ಸರ್. ಐದರಲ್ಲೂ ಮಾನಿಟರ್ ಶಬ್ದ ತೆಗೆದು ಹಾಡು ಹಾಕಿದ್ದಾರೆ.